ಮೂರನೇ ಬೋಗಿಯ ನೀರು

"ಎಣ್ಣೆ, ಸರಿ!" ರೈಲ್ವೆ ಅಂಗಳದ ತಪಾಸಣೆಗಾರ ಇಸೊಬೆ ಮೂರನೇ ಬೋಗಿಯ ಅಡಿಗೆ ನಿಯಮದಂತೆ ಬೆರಳು ತೋರಿಸಿ ಕೂಗಿದರು. "ಬೆಲ್ಟು, ಸರಿ! ನೀರು, ಸರಿ!"

ಕೂಗಿ ಮುಗಿಯುವ ಮೊದಲೇ ಅವರ ಕತ್ತು ಬೇಲಿಯತ್ತ ತಿರುಗಿತ್ತು. ಅಲ್ಲಿ ಮೊಣಕಾಲಿನವರೆಗೆ ಹಿಮದಲ್ಲಿ ಹೂತು ನಿಂತ ಹತ್ತಿಪ್ಪತ್ತು ಜನ ಕ್ಯಾಮೆರಾ ಹಿಡಿದು ಕೈ ಬೀಸುತ್ತಿದ್ದರು. ಈ ಡೀಸೆಲ್ ಎಕ್ಸ್‌ಪ್ರೆಸ್ ಸಪ್ಪೊರೊಗೆ ಹೋಗುವುದು ನಾಳೆ ಕೊನೆಯ ಸಲ. ಇಸೊಬೆ ಟೋಪಿ ತೆಗೆದು ನಕ್ಕರು. ಮುಂದಿನ ಬೋಗಿಗೆ ಹೋದರು.

ಉದ್ದ ಹಿಡಿಯ ಬ್ರಷ್ಷಿನಿಂದ ಮೂರನೇ ಬೋಗಿಯ ಮೈ ತೊಳೆಯುತ್ತಿದ್ದ ಚಿನಾಮಿಯ ಕೈ ನಿಂತಿತು. ಈ ರೈಲಿನ ಪ್ರತಿ ಬೋಗಿಯ ಅಡಿಗೂ ಒಂದೊಂದು ಎಂಜಿನ್. ಅದನ್ನು ತಂಪಾಗಿಡುವ ನೀರಿನ ಮಟ್ಟ ತೋರಿಸುವ ಗಾಜುಕೊಳವೆಯನ್ನು ಅವಳು ಮೂರು ವರ್ಷದಿಂದ ದಿನವೂ ಒರೆಸುತ್ತಿದ್ದಳು. ನಿನ್ನೆ, ಹೆಪ್ಪುಗಟ್ಟದಂತೆ ಮದ್ದು ಬೆರೆಸಿದ ಆ ಹಸಿರು ನೀರು ಕೆಂಪು ಗೆರೆಯ ಮಟ್ಟಕ್ಕಿತ್ತು. ಇವತ್ತು ಎರಡು ಬೆರಳು ಕೆಳಗಿದೆ. ಕೆಳಗೆ ಹಿಮದಲ್ಲಿ ಬಟಾಣಿಯಷ್ಟು ಹಸಿರು ಚುಕ್ಕೆ. ಪಕ್ಕದಲ್ಲಿ ಇನ್ನೊಂದು.

ಅವಳಿಗೆ ಹತ್ತೊಂಬತ್ತು. ಎದ್ದು ನಿಂತು ಪಾಠ ಓದು ಎಂದಾಗಲೆಲ್ಲ ದನಿ ಹೊರಡುತ್ತಿರಲಿಲ್ಲ, ಅದಕ್ಕೇ ಶಾಲೆ ಬಿಟ್ಟಳು. ಇಲ್ಲಿ ಬಾಲ್ದಿ, ಬ್ರಷ್ಷು. ಮಾತಾಡು ಎಂದು ಯಾರೂ ಪೀಡಿಸುವುದಿಲ್ಲ.

"ಏನೇ, ಕಂಬ ಆಗ್ಬಿಟ್ಯಾ?" ಜೊತೆಗೆ ತೊಳೆಯುತ್ತಿದ್ದ ಕುವಾ ಕೇಳಿದಳು. "ನಾಳೆ ಇದರ ಫೋಟೊ ಪೇಪರಲ್ಲಿ ಬರತ್ತೆ. ಕೊಳೆ ಬಿಟ್ರೆ ಅದೂ ಬರತ್ತೆ."

"ಕುವಾ-ಸಾನ್, ನೀರು ಕಮ್ಮಿ ಇದೆ."

ಕುವಾ ಬಗ್ಗಿ ನೋಡಿದಳು. ದನಿ ತಗ್ಗಿಸಿದಳು. "ಇಸೊಬೆ-ಸಾನ್ ಸರಿ ಅಂದಾಯ್ತಲ್ಲ. ನಾಳೆ ಅವರು ಹೆಂಡತಿ ಜೊತೆ ಇದೇ ಬೋಗೀಲಿ ಹೊರಟಿದಾರೆ, ಕಿಟಕಿ ಪಕ್ಕದ ಸೀಟಲ್ಲಿ. ಸುಮ್ನೆ ತೊಳಿಯೇ."

ಅದು ಚಿನಾಮಿಗೂ ಗೊತ್ತಿತ್ತು. ಮೂವತ್ತಾರು ವರ್ಷದ ಹಿಂದೆ ಈ ಬೋಗಿ ಹೊಸದಾಗಿ ಬಂದಾಗ ಇಸೊಬೆಯೂ ಇಲ್ಲಿಗೆ ಹೊಸಬರು. ಇದರ ಬಿಡಿಭಾಗಗಳನ್ನು ಈಗ ಯಾರೂ ಮಾಡುವುದಿಲ್ಲ. ಸೋರುತ್ತಿದೆ ಎಂದರೆ ಇದನ್ನು ಬಿಡಿಸಿ ಮೀಸಲು ಬೋಗಿ ಜೋಡಿಸುತ್ತಾರೆ, ಇದು ಇನ್ನೆಂದೂ ಓಡುವುದಿಲ್ಲ. ಹೇಳದಿದ್ದರೆ ನಾಳೆ ಘಟ್ಟ ಹತ್ತುವಾಗ ಎಂಜಿನ್ ಕಾದು, ತುಂಬಿದ ರೈಲು ಹಿಮದ ನಡುವೆ ನಿಲ್ಲುತ್ತದೆ.

ಹೋಗಿ ಮೆಲ್ಲಗೆ ಹೇಳೋಣವೆಂದರೆ ಹಿರಿಯರ ಮುಂದೆ ಯಾವ ಮಾತಿನಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಅವಳು ಕೈಗವಸು ತೆಗೆದಳು. ತೋರುಬೆರಳನ್ನು ಗಾಜುಕೊಳವೆಗೆ ನೇರ ಚಾಚಿದಳು, ಇಸೊಬೆ ಚಾಚುವ ಹಾಗೆಯೇ.

"ನೀರು!" ದನಿ ಒಡೆಯಿತು. ಉಸಿರೆಳೆದುಕೊಂಡಳು. "ನೀರು, ಕಡಿಮೆ!"

ಅಂಗಳದಲ್ಲಿ ಎಲ್ಲರ ಕೆಲಸವೂ ನಿಂತಿತು. ಇಲ್ಲಿ ಬೆರಳು ತೋರಿಸಿ ಕೂಗಿದ್ದನ್ನು ಕೇಳಿಸದವರಂತೆ ಯಾರೂ ಇರುವ ಹಾಗಿಲ್ಲ.

ಇಸೊಬೆ ತಿರುಗಿ ಬಂದರು. ಕೊಳವೆ ನೋಡಿದರು. ಮಂಡಿಯೂರಿ ಹಸಿರು ಚುಕ್ಕೆಯನ್ನು ಬೆರಳಿಗೆ ತಗೊಂಡು ಮೂಸಿದರು. ಎದ್ದಾಗ ಅವರ ಕಿವಿ ಕೆಂಪಾಗಿತ್ತು.

"ನಾನು ಸರಿ ಅಂದೆ, ಅಲ್ವಾ?"

ಚಿನಾಮಿ ನೆಲ ನೋಡುತ್ತಾ ಹೂಂ ಎಂದಳು.

"ಬಾಯಿ ಅಂದ್ಬಿಡ್ತು. ಕಣ್ಣು ಬೇಲಿ ಹತ್ರ ಇತ್ತು." ಅವರು ಟೋಪಿ ನೇರ ಮಾಡಿಕೊಂಡರು. ಬೆರಳು ಚಾಚಿ, ಬೇಲಿಯವರೆಗೂ ಕೇಳುವಂತೆ ಕೂಗಿದರು. "ನೀರು, ಕಡಿಮೆ!"

ಮಧ್ಯಾಹ್ನದೊಳಗೆ ಮೂರನೇ ಬೋಗಿಯನ್ನು ಬಿಡಿಸಿ ಶೆಡ್ಡಿನ ಪಕ್ಕದ ಹಳಿಗೆ ತಳ್ಳಿದರು.

ಮರುದಿನ ಬೆಳಗ್ಗೆ ನಿಲ್ದಾಣದ ಕಡೆಯಿಂದ ಚಪ್ಪಾಳೆ, ಆಮೇಲೆ ಉದ್ದನೆಯ ಹಾರ್ನ್ ಕೇಳಿಸಿತು. ಚಿನಾಮಿ ಬಾಲ್ದಿ ಹಿಡಿದು ಆ ಮೂರನೇ ಬೋಗಿ ಹತ್ತಿದರೆ, ಇಸೊಬೆ ಕಿಟಕಿಯ ಪಕ್ಕ ಕೂತಿದ್ದರು. ತೊಡೆಯ ಮೇಲೆ ಊಟದ ಡಬ್ಬಿ.

"ನೀವು ಹೋಗ್ಲಿಲ್ವಾ?"

"ಹೆಂಡ್ತಿ ಹೋದ್ಲು, ಅವಳ ತಂಗೀನ ಕರ್ಕೊಂಡು. 'ನೀವು ಬಂದ್ರೆ ದಾರಿಯುದ್ದಕ್ಕೂ ಎಂಜಿನ್ ಸದ್ದೇ ಕೇಳ್ತಾ ಕೂರ್ತೀರಿ, ಬೇಡ' ಅಂದ್ಲು." ಎರಡು ಅನ್ನದ ಉಂಡೆಗಳಲ್ಲಿ ಒಂದನ್ನು ಅವಳತ್ತ ಚಾಚಿದರು. "ಒಳಗೆ ಸಾಲ್ಮನ್ ಮೀನಿದೆ, ತಿನ್ನು."

ತಿಂದು ಕೈ ಒರೆಸಿಕೊಂಡು ಅವಳು ಎದ್ದಳು. ಗುಡಿಸಿದ ಮೇಲೆ ಸೀಟುಗಳನ್ನು ರೈಲು ಹೊರಡುವ ದಿಕ್ಕಿಗೆ ತಿರುಗಿಸಿಡುವುದು ದಿನದ ಕೆಲಸ. ಸೀಟಿನ ಅಡಿಯ ಪೆಡಲಿನ ಮೇಲೆ ಕಾಲಿಟ್ಟವಳು ತಡೆದಳು.

"ಯಾವ ಕಡೆ ತಿರುಗಿಸ್ಲಿ?"

ಇಸೊಬೆ ಕಿಟಕಿಯಾಚೆ ನೋಡಿದರು. ರೈಲು ಹೋದ ಹಳಿಯ ಮೇಲೆ ಹಿಮ ಆಗಲೇ ತೆಳ್ಳಗೆ ಕೂರುತ್ತಿತ್ತು. ಅವರು ಬೆರಳೆತ್ತಿ ಆ ಕಡೆ ತೋರಿಸಿದರು, ಕೂಗಲಿಲ್ಲ.

ಅವಳು ಒಂದು ಸಾಲು, ಅವರು ಇನ್ನೊಂದು ಸಾಲು. ಪೆಡಲ್ ತುಳಿದು, ಬೆನ್ನು ಹಿಡಿದು, ಒಂದೊಂದೇ ತಿರುಗಿಸುತ್ತಾ ಹೋದರು. ಕೊನೆಯ ಸೀಟು ಬಿಗಿಯಾಗಿತ್ತು. ಅದನ್ನು ಇಬ್ಬರೂ ಸೇರಿ ತಿರುಗಿಸಿದರು.