ಐದು ಕಿಲೋಮೀಟರ್ ಆಚೆ ಬಿದ್ದ ಮಳೆ

ವರದಿ ಕೊಟ್ಟು ನಾಲ್ಕು ದಿನವಾಗಿದ್ದರೂ ಶಿವಾನಿ ಅದನ್ನು ಮತ್ತೆ ಮತ್ತೆ ತೆರೆದು ನೋಡುತ್ತಲೇ ಇದ್ದಳು. ಸಹಕಾರನಗರದ ಪುಟ್ಟ ಹವಾಮಾನ ಕಂಪನಿಯೊಂದರಲ್ಲಿ ಅವಳಿಗೆ ಒಪ್ಪಿಸಿದ್ದ ಕೆಲಸ, ಮಳೆ ಹೇಳುವ ಎರಡು ವಿಧಾನಗಳಲ್ಲಿ ಯಾವುದು ಮೇಲು ಅಂತ ತೂಗಿ ನೋಡುವುದು. ಹಳೆಯದು ಆಕಾಶವನ್ನು ಮೂರು ಮೂರು ಕಿಲೋಮೀಟರಿನ ಚೌಕಗಳಾಗಿ ಕತ್ತರಿಸಿ, ಗಾಳಿ, ಶಾಖ, ತೇವದ ಸಮೀಕರಣಗಳನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸುತ್ತಿತ್ತು. ನಾಳೆಯ ಸುದ್ದಿ ಹೇಳಲು ಅದಕ್ಕೆ ಐದು ಗಂಟೆ ಬೇಕು. ಹೊಸದು ನಲವತ್ತು ವರ್ಷಗಳ ಹವಾಮಾನ ದಾಖಲೆ ಓದಿ ಕಲಿತದ್ದು, ಒಂದೇ ನಿಮಿಷದಲ್ಲಿ ಉತ್ತರ ಕೊಡುತ್ತಿತ್ತು. ಕಳೆದ ಎರಡು ಮಳೆಗಾಲಗಳನ್ನು ಇಟ್ಟುಕೊಂಡು ನೋಡಿದಾಗ ಸರಾಸರಿ ತಪ್ಪು ಹೊಸದರಲ್ಲೇ ಕಡಿಮೆ ಬಂತು. ಅದನ್ನೇ ಅವಳು ಬರೆದಳು. ತಂಡದ ಮುಖ್ಯಸ್ಥ ಉಮೇಶ್ ಖುಷಿಯಾಗಿ, ಜೂನ್ ಒಂದರಿಂದ ಹಳೆಯದನ್ನು ನಿಲ್ಲಿಸಿಬಿಡೋಣ ಅಂದ.

ಅಂಕಿಗಳು ಸರಿಯಾಗೇ ಇದ್ದವು. ಆದರೆ ಜೋರು ಮಳೆ ಸುರಿದ ಏಳು ದಿನಗಳ ನಕ್ಷೆಗಳನ್ನು ಬಿಡಿಸಿ ನೋಡಿದಾಗ ಅವಳಿಗೆ ಕಸಿವಿಸಿಯಾಯಿತು. ಒಂದು ದಿನ ಬಿಟ್ಟು ಉಳಿದಷ್ಟೂ ದಿನ ಹೊಸದು ಊರಿಗೆಲ್ಲ ತೆಳ್ಳಗೆ ತುಂತುರು ಬಳಿದಿತ್ತು.

"ಸರ್, ಇದು ಜೋರು ಮಳೆ ಅಂತ ಹೇಳೋದೇ ಇಲ್ಲ," ಅಂದಳು ಉಮೇಶನ ಹತ್ತಿರ ಹೋಗಿ.

"ಹಳೇದು ಹೇಳುತ್ತೆ, ಆದ್ರೆ ಯಲಹಂಕ ಅಂದ್ರೆ ಹೆಬ್ಬಾಳದಲ್ಲಿ ಬೀಳುತ್ತೆ. ಯಲಹಂಕದಲ್ಲೂ ತಪ್ಪು, ಹೆಬ್ಬಾಳದಲ್ಲೂ ತಪ್ಪು. ಅದಕ್ಕೇ ಅಲ್ವಾ ನಿನ್ನ ಲೆಕ್ಕದಲ್ಲಿ ಅದು ಸೋತಿದ್ದು?"

ಅವಳು ತನ್ನ ಜಾಗಕ್ಕೆ ಮರಳಿ ನಕ್ಷೆಗಳನ್ನು ಮುಚ್ಚಿದಳು.

ಗುರುವಾರ ಬೆಳಿಗ್ಗೆ ತಣಿಸಂದ್ರದ ಒಂದು ಕಟ್ಟಡಕ್ಕೆ ಮುನ್ಸೂಚನೆ ಕಳಿಸಬೇಕಿತ್ತು. ಕಟ್ಟಿಸುತ್ತಿದ್ದವರು ಚಿಕ್ಕಬೈರಪ್ಪ, ಜಕ್ಕೂರಿನ ಹಳೇ ಒಕ್ಕಲು ಮನೆತನದವರು. ಅವತ್ತು ಮಧ್ಯಾಹ್ನ ಐದನೇ ಮಹಡಿಯ ಚಾವಣಿಗೆ ಕಾಂಕ್ರೀಟ್ ಸುರಿದು ಮೋಲ್ಡ್ ಹಾಕುವವರಿದ್ದರು. ಮೂರು ಗಂಟೆ ಹೊತ್ತಿಗೆ ಐವತ್ತು ಮಿಲಿಮೀಟರ್ ಮಳೆ ಅಂತ ಹಳೆಯದು ಅಂತಿತ್ತು, ಹೊಸದು ಬರೀ ನಾಲ್ಕು ಮಿಲಿಮೀಟರ್. "ಹೊಸದನ್ನೇ ಕಳಿಸು," ಅಂತ ಹೇಳಿ ಉಮೇಶ್ ಯಶವಂತಪುರಕ್ಕೆ ಮೀಟಿಂಗಿಗೆ ಹೊರಟ.

ಶಿವಾನಿ ಕಳಿಸಿದಳು. ಕಳಿಸಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ನೀರು ಕುಡಿದು ಬಂದಳು, ಮತ್ತೆ ಎದ್ದು ತಾರಸಿಗೆ ಹೋದಳು. ಒಂದು ಚೂರು ಮೋಡವಿರಲಿಲ್ಲ. ಕೆಳಗಿಳಿದು ರಡಾರ್ ನೋಡಿದಳು. ಅದರಲ್ಲೂ ಏನಿಲ್ಲ. ಹಸಿ ಕಾಂಕ್ರೀಟಿನ ಮೇಲೆ ಐವತ್ತು ಮಿಲಿಮೀಟರ್ ಸುರಿದರೆ ಏನಾಗುತ್ತೆ ಅಂತ ಯೋಚಿಸಿದ್ದೇ ತಡ, ಫೋನ್ ಕೈಗೆ ಬಂತು.

"ಯಜಮಾನ್ರೇ, ಇವತ್ತು ಮೋಲ್ಡ್ ಬ್ಯಾಡ್ರಿ. ಜೋರು ಮಳಿ ಬರೋ ಹಂಗದ," ಅಂದಳು. ಗಾಬರಿಯಾದಾಗ ಅವಳ ಬಾಯಿಗೆ ಕಲಬುರಗಿಯ ಮಾತೇ ಬರುತ್ತಿತ್ತು.

"ಈಗ್ತಾನೆ ಜೋರು ಮಳೆ ಬರಲ್ಲ ಅಂತ ಕಳ್ಸಿದ್ರಲ್ಲಮ್ಮ?"

"ಎರಡು ಥರ ಲೆಕ್ಕ ಹಾಕ್ತೀವ್ರಿ. ಇನ್ನೊಂದು ಬರ್ತದ ಅಂತದ."

ಅವರು ಕೆಲಸ ನಿಲ್ಲಿಸಿದರು.

ಮೂರು ಗಂಟೆಯಾಯಿತು, ಮೂರೂವರೆಯಾಯಿತು. ತಣಿಸಂದ್ರದಲ್ಲಿ ಬಿಸಿಲು ಹೊಡೆಯುತ್ತಿದೆ, ಆಳುಗಳು ಸುಮ್ಮನೆ ಕೂತಿದ್ದಾರೆ ಅಂತ ಚಿಕ್ಕಬೈರಪ್ಪ ಎರಡು ಸಲ ಫೋನ್ ಮಾಡಿದರು. ಎರಡನೇ ಸಲ ಉಮೇಶನಿಗೂ ಮಾಡಿದರು. "ನನ್ನ ಕೇಳದೆ ಹೆಂಗೆ ಹೇಳ್ದೆ?" ಅಂತ ಉಮೇಶ್ ಫೋನಿನಲ್ಲೇ ರೇಗಿದ. ಅವಳು ಮತ್ತೆ ರಡಾರ್ ತೆರೆದಳು. ನಾಲ್ಕಕ್ಕೆ ಸರಿಯಾಗಿ ಜಕ್ಕೂರಿನ ಮೇಲೆ ಮಳೆ ಮುರಿದುಕೊಂಡು ಬಿತ್ತು. ಅಲ್ಲಿನ ಮಾಪಕ ತೋರಿಸಿದ್ದು ಐವತ್ತೆಂಟು ಮಿಲಿಮೀಟರ್. ತಣಿಸಂದ್ರಕ್ಕೆ ಹನಿಯೂ ಬೀಳಲಿಲ್ಲ.

ಮಾರನೇ ದಿನ ಚಿಕ್ಕಬೈರಪ್ಪ ಆಫೀಸಿಗೇ ಬಂದರು. ಉಮೇಶನ ಎದುರಿನ ಕುರ್ಚಿಯಲ್ಲಿ ಕೂತು ಶಿವಾನಿಯನ್ನು ಕರೆಸಿದರು.

"ನಿನ್ನೆ ಒಂದಿನ ದಂಡವಾಯ್ತು. ಅದನ್ನ ಏಳಾಕೇ ಬಂದೆ," ಅಂದರು. "ಆದ್ರೆ ಸಂಜೆ ಮನೇಗೋದ್ರೆ ಅಂಗಳದಾಗೆ ಮೊಳಕಾಲುದ್ದ ನೀರು. ನೀವು ಏಳಿದ್ದು ಅದೇ ಮಳೆ ತಾನೆ?"

"ಅದೇರಿ. ಜಾಗ ತಪ್ಪಿತು. ಐದು ಕಿಲೋಮೀಟರ್."

"ಅಷ್ಟೇನಾ? ಅಂಗಿದ್ರೆ ಆಸುಪಾಸಿನಾಗೆ ಎಲ್ಲೋ ಒಂದ್ಕಡೆ ಜೋರಾಗಿ ಬೀಳ್ತದೆ ಅಂತ ಏಳಿ. ಮೋಲ್ಡ್ ಆಕೋದಾ ಬ್ಯಾಡ್ವಾ ಅಂತ ನಾನ್ ನೋಡ್ಕೊಂತೀನಿ. ಜೋರು ಮಳೇನೇ ಇಲ್ಲ ಅಂತ ಮಾತ್ರ ಏಳ್ಬ್ಯಾಡಿ."

ಅವರು ಹೋದ ಮೇಲೆ ಶಿವಾನಿ ಊಟಕ್ಕೂ ಏಳದೆ ಲೆಕ್ಕವನ್ನು ಮೊದಲಿಂದ ಹಾಕಿದಳು. ಈ ಸಲ ಚೌಕಕ್ಕೆ ಚೌಕ ತಾಳೆ ನೋಡಲಿಲ್ಲ. ಹೇಳಿದ ಜಾಗದ ಸುತ್ತ ಹತ್ತು ಕಿಲೋಮೀಟರಿನೊಳಗೆ ಅಷ್ಟು ಮಳೆ ಬಿದ್ದಿದ್ದರೆ ಸರಿ ಅಂತ ಗುರುತು ಹಾಕಿದಳು. ಏಳು ಜೋರು ಮಳೆಗಳಲ್ಲಿ ಹಳೆಯದು ಐದನ್ನು ಹಿಡಿದಿತ್ತು, ಹೊಸದು ಒಂದನ್ನು. ಸಾಧಾರಣ ದಿನಗಳಲ್ಲಿ ಮಾತ್ರ ಹೊಸದೇ ಮುಂದಿತ್ತು. ಅದನ್ನೂ ಮುಚ್ಚಿಡದೆ ಬರೆದಳು.

ಉಮೇಶ್ ಎರಡು ಸಲ ಓದಿದ. "ಹೋದ ವಾರ ಹೊಸದು ಗೆದ್ದಿದೆ ಅಂತ ಬರ್ದಿದ್ದು ನೀನೇ."

"ಹೌದು ಸರ್. ಆವಾಗ ಲೆಕ್ಕ ತಪ್ಪಾಗಿರಲಿಲ್ಲ. ನಾನು ಕೇಳಿದ ಪ್ರಶ್ನೆ ತಪ್ಪಾಗಿತ್ತು."

ಅವನು ಕಿಟಕಿಯಾಚೆ ಬಳ್ಳಾರಿ ರಸ್ತೆಯ ಟ್ರಾಫಿಕ್ ನೋಡುತ್ತಾ ಕೂತ. ಹಳೆಯದನ್ನು ನಿಲ್ಲಿಸುತ್ತೇವೆ ಅಂತ ಮೇಲಿನವರಿಗೆ ಆಗಲೇ ಮಾತು ಕೊಟ್ಟಾಗಿತ್ತು. "ಈ ಮಳೆಗಾಲ ಮುಗಿಯೋವರೆಗೂ ಎರಡೂ ನಡೀಲಿ. ಅವರಿಗೆ ನಾನ್ ಹೇಳ್ತೀನಿ," ಅಂದ ಕೊನೆಗೆ. "ಆದ್ರೆ ಇನ್ಮೇಲೆ ನನಗೆ ಹೇಳದೆ ಯಾರಿಗೂ ಫೋನ್ ಮಾಡ್ಬೇಡ."

"ಮಾಡಲ್ಲ ಸರ್."

ತನ್ನ ಜಾಗಕ್ಕೆ ಬಂದು ಕೂತಾಗ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಏಳರಲ್ಲಿ ಎರಡು ದಿನ ಹಳೆಯದಕ್ಕೂ ಮಳೆ ಕಂಡಿರಲಿಲ್ಲ. ಯಾಕೆ ಅಂತ ಅವಳಿಗೆ ಗೊತ್ತಿರಲಿಲ್ಲ. ಆ ಎರಡು ದಿನಗಳ ಕಡತ ತೆರೆದಳು.