ಮಡು ಇಟ್ಟುಕೊಂಡ ರಾಗ

ಸತ್ತವನ ಟೋಪಿ ಹಾಕಿಕೊಂಡು ಮುಸೆಕಿವಾ ಹೆಣದ ಪಕ್ಕದಲ್ಲೇ ಚಕ್ಕಳಮಕ್ಕಳ ಕೂತ.

"ಏ ನ್ಯಾರಾಯ್, ಸಾದ್ಜಾ ಮುದ್ದೆ ಬಡಿಸೇ! ಮಡುವಿನ ಹತ್ರ ಕೂತು ಕೂತು ಕುಂಡೆ ಕಲ್ಲಾಯ್ತು, ಹೊಟ್ಟೆ ಖಾಲಿ!"

ದನಿ, ಕೆಮ್ಮು, ಎಲ್ಲ ಸತ್ತ ತಪೇರಾನದೇ. ಅಳಲು ಬಂದವರು ನಕ್ಕರು. ಮುಸೆಕಿವಾನಂತೆ ಅಜ್ಜಂದಿರ ಕಾಲದಿಂದ ಗೆಳೆತನದ ಮನೆಯವನು ಸಾವಿನ ದಿನ ಏನು ಬೇಕಾದರೂ ಅನ್ನಬಹುದು, ಯಾರೂ ಸಿಟ್ಟಾಗುವಂತಿಲ್ಲ. ಸತ್ತವನ ಹೆಂಡತಿ ನ್ಯಾರಾಯ್ ಮಾತ್ರ ನಗಲಿಲ್ಲ, ಅಳಲೂ ಇಲ್ಲ. ತಪೇರಾನ ಅಣ್ಣ ಚೆನ್‌ಜೆರಾಯ್ ಅವಳ ಮುಖವನ್ನೇ ನೋಡುತ್ತಿದ್ದ.

"ಈಗ್ಯಾಕೆ ಬಿಗುಮಾನ? ಅಳಬಾರದಾಗ ಅತ್ತಾಯ್ತಲ್ಲ."

"ನಾನು ಅತ್ತಿಲ್ಲ ಭಾವ."

"ಮತ್ಯಾರು ಅತ್ತಿದ್ದು? ನಾಯಿನಾ?"

*

ಇಪ್ಪತ್ತು ವರ್ಷ ತಪೇರಾ ಬೆಳಗಾಗುತ್ತಲೇ ಎಂಬಿರಾ ವಾದ್ಯ ಹಿಡಿದು ಸಾವೆ ಹೊಳೆಯ ಮಡುವಿಗೆ ಹೋಗುತ್ತಿದ್ದ. ನೀರು ಬಂಡೆಗೆ ಬಡಿಯುವುದನ್ನು ಕೇಳುತ್ತಾ, ಹೆಬ್ಬೆರಳಿನಿಂದ ಕಬ್ಬಿಣದ ಕಡ್ಡಿ ಮೀಟಿ ರಾಗ ಹಿಡಿಯುತ್ತಿದ್ದ. ಒಂದು ರಾಗ ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು.

"ಕೊನೆ ಇನ್ನೂ ನೀರಲ್ಲೇ ಇದೆ ಕಣೇ. ಮಡುವಿನವಳು ಕೊಡ್ತಿಲ್ಲ," ಅನ್ನುತ್ತಿದ್ದ.

ಸೋಮವಾರ ಹೋದವನು ಬರಲಿಲ್ಲ. ದಡದಲ್ಲಿ ಟೋಪಿ, ಎಂಬಿರಾ ಇದ್ದವು. ಮಡುವಿನವಳು, ಆ ನೀರಿನ ದೇವತೆ, ಕರೆದೊಯ್ದವನಿಗಾಗಿ ಅವನವರು ಯಾರೂ ಕಣ್ಣೀರು ಹಾಕದಿದ್ದರೆ ಅವನು ವಿದ್ಯೆ ಕಲಿತು ಜೀವಂತ ಬರುತ್ತಾನೆ. ಒಬ್ಬರು ಅತ್ತರೂ ಹೆಣ ಬರುತ್ತದೆ. ನ್ಯಾರಾಯ್ ಮೂರು ದಿನ ಹಲ್ಲು ಕಚ್ಚಿ ರಾಗಿ ಬೀಸಿದಳು. ಗುರುವಾರ ಹೆಣ ತೇಲಿತು.

*

"ನಾನೇ ಅತ್ತಿದ್ದು!" ಮುಸೆಕಿವಾ ಎದೆ ಬಡಿದುಕೊಂಡ. "ಬುಧವಾರ ಮಡುವಿನ ಹತ್ರ ಕೂತು ಗೊಳೋ ಅಂತ ಅತ್ತೆ. ನನ್ನ ಗೆಳೆಯನ್ನ ಕೊಡೇ ಅಂದೆ. ಕೊಟ್ಲು!"

ಅಂಗಳವೆಲ್ಲ ನಕ್ಕಿತು. "ನಿನ್ನ ಬಾಯಿಗೆ ಮಣ್ಣು ಹಾಕ," ಅಂತ ಚೆನ್‌ಜೆರಾಯ್ ಕೂಡ ನಕ್ಕ.

ಮುಸೆಕಿವಾ ನಗಲಿಲ್ಲ. ಎಂಬಿರಾ ಎತ್ತಿಕೊಂಡು ತಪೇರಾನ ಆ ರಾಗ ಮೀಟಿದ. ನಿಲ್ಲುವ ಜಾಗ ಬಂತು. ಅವನ ಬೆರಳು ನಿಲ್ಲಲಿಲ್ಲ. ರಾಗ ಇಳಿಯುತ್ತಾ ಇಳಿಯುತ್ತಾ ಹೋಗಿ ಕೊನೆ ಮುಟ್ಟಿತು. ನ್ಯಾರಾಯ್ ಅವನ ಹತ್ತಿರ ಸರಿದಳು.

"ಎಲ್ಲಿ ಕಲಿತೆ?" ಪಿಸುಗುಟ್ಟಿದಳು.

"ಅತ್ತ ಮೇಲೆ ಕೇಳಿಸ್ತು ಅತ್ತಿಗೆ. ಈಗ್ಲೂ ಕೇಳಿಸ್ತಿದೆ."

ಮಣ್ಣು ಮಾಡಿ ಎಲ್ಲರೂ ಮನೆಯ ಕಡೆ ತಿರುಗಿದರು. ಮುಸೆಕಿವಾ ಟೋಪಿ ತೆಗೆಯಲಿಲ್ಲ. ಎಂಬಿರಾ ಕಂಕುಳಲ್ಲಿಟ್ಟು ಮಡುವಿನ ದಾರಿ ಹಿಡಿದ. ನ್ಯಾರಾಯ್ ಎರಡು ಸಲ ಕೂಗಿದಳು. ಅವನು ತಿರುಗಲಿಲ್ಲ.

"ಇನ್ನಾದ್ರೂ ಅತ್ತುಬಿಡು ತಾಯಿ," ಅಂದಳು ನೆರೆಮನೆಯ ಮುದುಕಿ.

ಈಗ ಮಡುವಿನವಳು ಕರೆದದ್ದು ಮುಸೆಕಿವಾನನ್ನು. ನ್ಯಾರಾಯ್ ಸೊಂಟಕ್ಕೆ ಸುತ್ತಿದ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡು, ಒಣಗಣ್ಣಲ್ಲಿ ಮಡುವಿನ ದಾರಿ ನೋಡುತ್ತಾ ನಿಂತಳು.