ನೂರು ತಟ್ಟೆಗೆ ಎಷ್ಟು ನೀರು

ಇದರಲ್ಲಿ ಒಂದು ಮಾತು ಸುಳ್ಳಾದರೆ ನಾಳೆಯಿಂದ ನಾನು ಮಾಡಿದ ಸಾರಿಗೆ ಉಪ್ಪು ಹತ್ತದೆ ಹೋಗಲಿ. ಅಡುಗೆಯವನು ಇದಕ್ಕಿಂತ ದೊಡ್ಡ ಆಣೆ ಹಾಕಲಾರ. ಹೂಗ್ಲಿ ನದಿಯಲ್ಲಿ ಟ್ರಾಮಿನಷ್ಟು ಉದ್ದದ ಇಲಿಷ್ ಮೀನು ಕಂಡೆ ಎಂದು ಹೋದ ವರ್ಷ ನಿಮಗೆ ಹೇಳಿದ್ದೆನಲ್ಲ, ಅದರಲ್ಲಿ ಒಂದೆರಡು ಗೇಣು ಜಾಸ್ತಿ ಇದ್ದಿರಬಹುದು. ಇದು ಹಾಗಲ್ಲ. ಇದು ನಡೆದದ್ದು. ನಡೆಯದೆ ಇದ್ದಿದ್ದರೆ ಚೆನ್ನಾಗಿತ್ತು.

ನಿಮಗೆ ಗೊತ್ತಿದ್ದದ್ದೇ, ನಾನು ಸುಬ್ರಹ್ಮಣ್ಯ, ಬಂಗಾಳಿಗಳ ಈ ಊರಿನ ಬಾಲಿಗಂಜಿನಲ್ಲಿ ಹರಿದಾಸಣ್ಣನ ಅಡುಗೆಮನೆಯಲ್ಲಿ ಇಪ್ಪತ್ತಮೂರು ವರ್ಷದಿಂದ ಸೌಟು ಹಿಡಿದವನು. ಹರಿದಾಸಣ್ಣ ಉಡುಪಿ ಕಡೆಯವರು, ನಾನೂ ಆ ಕಡೆಯವನೇ. ಮಧ್ಯಾಹ್ನದ ಊಟ ಮಾಡಿ ಸೆಕ್ಟರ್ ಫೈವ್‌ನ ಒಂದು ಕಂಪನಿಗೆ ಕಳಿಸುವುದು ನಮ್ಮ ಕೆಲಸ. ಆ ಕಟ್ಟಡ ಎಷ್ಟು ಎತ್ತರ ಎಂದರೆ, ಕೆಳಗೆ ಕುದಿಯುತ್ತಿದ್ದ ಸಾಂಬಾರು ಮೇಲೆ ಮುಟ್ಟುವಾಗ ಚಳಿಗಾಲ ಶುರುವಾಗಿರುತ್ತದೆ. ಮುನ್ನೂರು ಜನ ಉಣ್ಣುತ್ತಾರೆ. ಉಂಡ ಸ್ಟೀಲ್ ತಟ್ಟೆಗಳು ಮೂರು ಗಂಟೆಗೆ ವ್ಯಾನಿನಲ್ಲಿ ವಾಪಸು ಬರುತ್ತಿದ್ದವು. ಅವನ್ನು ತೊಳೆಯುತ್ತಿದ್ದವಳು ಶೋಭಾದಿ, ಅಂದರೆ ನಮ್ಮ ಮಾತಿನಲ್ಲಿ ಶೋಭಕ್ಕ.

ಶೋಭಾದಿ ಕ್ಯಾನಿಂಗ್ ಎಂಬ ಊರಿನ ಕಡೆಯವಳು. ದಿನಾ ಲೋಕಲ್ ಟ್ರೈನಿನಲ್ಲಿ ಬಂದು ಹೋಗುವವಳು. ಅವಳ ಊರಿನ ಕೆರೆ ನೀರು ಉಪ್ಪು. ಸಿಹಿ ನೀರು ಬೇಕಾದರೆ ಅರ್ಧ ಮೈಲಿ ನಡೆದು ಕೈಪಂಪು ಒತ್ತಬೇಕು. ಹಾಗಾಗಿ ನೀರು ಎಂದರೆ ಅವಳಿಗೆ ತುಪ್ಪವಿದ್ದ ಹಾಗೆ. ನಾವು ಮೋರಿಗೆ ಚೆಲ್ಲುವ ಅಕ್ಕಿ ತೊಳೆದ ನೀರನ್ನು ಹಿಡಿದಿಟ್ಟುಕೊಳ್ಳುತ್ತಿದ್ದಳು. ಮೊದಲು ತೆಂಗಿನ ನಾರಿನಿಂದ ತಟ್ಟೆ ಕೆರೆದು ಅದರಲ್ಲಿ ನೆನೆ ಹಾಕುವುದು. ಆಮೇಲೆ ಸೋಪಿನ ಒಂದು ಬಕೆಟ್. ಕೊನೆಗೆ ಶುದ್ಧ ನೀರಿನ ಒಂದು ಬಕೆಟ್. ತಟ್ಟೆಗಳನ್ನು ಮೆಟ್ಟಿಲಿನ ಹಾಗೆ ಓರೆಯಾಗಿ ಜೋಡಿಸಿ, ಮೇಲಿನ ತಟ್ಟೆಗೆ ಒಂದು ಚೊಂಬು ಹೊಯ್ದರೆ ಅದೇ ನೀರು ಕೆಳಗಿನ ಹತ್ತು ತಟ್ಟೆಯನ್ನು ತೊಳೆದುಕೊಂಡು ಇಳಿಯುತ್ತಿತ್ತು. ನೂರು ತಟ್ಟೆಗೆ ಎರಡು ಬಕೆಟ್, ಅಷ್ಟೇ. ಅದೂ ತಣ್ಣೀರು. ಕೊನೆಯ ತಟ್ಟೆಯಲ್ಲಿ ಮುಖ ನೋಡಿಕೊಂಡು ನಾನು ಮೀಸೆ ಕತ್ತರಿಸಿಕೊಂಡದ್ದುಂಟು.

ಹೋದ ಚಳಿಗಾಲದಲ್ಲಿ ಇಂಚರಾ ಎಂಬ ಹುಡುಗಿ ಬಂದಳು. ಮೈಸೂರಿನವಳು, ಇಲ್ಲಿಯ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಉಣ್ಣುವುದಕ್ಕೆ ತೊಳೆದು ಬಳಸುವ ಸ್ಟೀಲ್ ತಟ್ಟೆ ಒಳ್ಳೆಯದೋ, ಉಂಡು ಬಿಸಾಡುವ ಅಡಿಕೆ ಹಾಳೆಯ ತಟ್ಟೆ ಒಳ್ಳೆಯದೋ, ಭೂಮಿಗೆ ಯಾವುದರಿಂದ ಹಾನಿ ಕಡಿಮೆ, ಲೆಕ್ಕ ಹಾಕಿ ಹೇಳಿ ಎಂದು ಕಂಪನಿಯವರು ಅವಳ ಪ್ರೊಫೆಸರನ್ನು ಕೇಳಿದ್ದರಂತೆ.

"ಇದಕ್ಕೆ ಲೈಫ್ ಸೈಕಲ್ ಅಸೆಸ್‌ಮೆಂಟ್ ಅಂತಾರೆ ಸುಬ್ಬಣ್ಣ," ಅಂದಳು. "ಅದಿರು ಅಗೆಯೋದ್ರಿಂದ ಹಿಡಿದು ತಟ್ಟೆ ಗುಜರಿಗೆ ಹೋಗೋವರೆಗೂ, ಎಲ್ಲೆಲ್ಲಿ ಎಷ್ಟು ನೀರು, ಎಷ್ಟು ಗ್ಯಾಸು, ಎಷ್ಟು ಹೊಗೆ, ಎಲ್ಲಾ ಕೂಡ್ಸೋದು. ಒಂದು ಕಡೆ ತಪ್ಪಿದ್ರೂ ಪೂರ್ತಿ ಲೆಕ್ಕ ತಲೆಕೆಳಗಾಗತ್ತೆ."

"ಅಂದ್ರೆ ತಟ್ಟೆಯ ಜಾತಕ."

"ಹ್ಞೂಂ, ಹಾಗೇ ಅಂದ್ಕೊಳ್ಳಿ."

"ನಮ್ಮ ತಟ್ಟೆಗೆ ಕುಜದೋಷ ಉಂಟಾ ಅಂತಲೂ ನೋಡಿ."

ನಕ್ಕಳು. ಒಳ್ಳೆಯ ಹುಡುಗಿ. ತೊಳೆಯುವವರು ಎಲ್ಲಿ ಎಂದು ಕೇಳಿದಳು. ಆ ದಿನ ಲೈನಿನಲ್ಲಿ ಏನೋ ಗಲಾಟೆಯಾಗಿ ಲೋಕಲ್ ನಿಂತಿತ್ತು, ಶೋಭಾದಿ ಬಂದಿರಲಿಲ್ಲ. ಇನ್ನೊಂದು ದಿನ ಬರುತ್ತೇನೆ ಎಂದು ಇಂಚರಾ ಏಳುವಷ್ಟರಲ್ಲಿ ಹರಿದಾಸಣ್ಣ ತಡೆದರು.

"ಇನ್ನೊಂದು ಸರ್ತಿ ಎಂತಕ್ಕೆ ಬರುದು ಮೇಡಂ? ನಮ್ಮ ಸುಬ್ಬಣ್ಣನಿಗೆ ಎಲ್ಲ ಗೊತ್ತುಂಟು. ಕೇಳಿ ಬರ್ಕೊಳ್ಳಿ."

ನಾನು ತಪ್ಪಿದ್ದು ಇಲ್ಲಿಯೇ. ನಮ್ಮ ಕಡೆಯ ಅಡುಗೆಮನೆಗಳಿಗೆ ಕಾಗದ ಪೆನ್ನು ಹಿಡಿದು ಯಾರೇ ಬಂದರೂ ಅವರು ನೋಡುವುದು ಶುಚಿಯನ್ನೇ. ಎಷ್ಟು ನೀರು ಹೊಯ್ದರೆ ಅಷ್ಟು ಮಡಿ, ಎಷ್ಟು ಬಿಸಿಯಾದರೆ ಅಷ್ಟು ಮಾರ್ಕು. ಇವಳು ಜಾತಕ ಎಂದಳು, ನಾನು ಪರೀಕ್ಷೆ ಎಂದುಕೊಂಡೆ. ಇನ್ನೊಂದು ಸಂಗತಿ. ನಾನು ನಾಲ್ಕನೇ ಕ್ಲಾಸು ದಾಟದವನು, ನನ್ನ ಮಾತನ್ನು ಜನ್ಮದಲ್ಲಿ ಯಾರೂ ಬರೆದುಕೊಂಡವರಲ್ಲ. ಅವಳ ಪೆನ್ನು ಓಡುವುದನ್ನು ಕಂಡು ನನ್ನ ನಾಲಿಗೆಯೂ ಓಡಿತು.

"ನೂರು ತಟ್ಟೆಗೆ ಎಷ್ಟು ನೀರು ಬೇಕಾಗತ್ತೆ?"

"ಹನ್ನೆರಡು ಬಕೆಟ್."

"ತಣ್ಣೀರಾ?"

"ತಣ್ಣೀರಾ? ನಾವು ತಣ್ಣೀರು ಮುಟ್ಟುದೇ ಇಲ್ಲ. ಕುದಿಕುದಿ ನೀರು. ಮೂರು ಸರ್ತಿ. ಮೊನ್ನೆ ಆ ಹಬೆಗೆ ಎದುರು ಬಿಲ್ಡಿಂಗಿನವರು ಫೈರ್ ಇಂಜಿನ್ ಕರ್ದಿದ್ರು."

"ಹೌದೌದು, ಬಿಸಿ ನೀರು," ಎಂದು ಹರಿದಾಸಣ್ಣ ಹಿಂದಿನಿಂದ ಹೇಳಿದರು. "ಅದನ್ನು ದೊಡ್ಡ ಅಕ್ಷರದಲ್ಲಿ ಬರ್ಕೊಳ್ಳಿ."

ಫೈರ್ ಇಂಜಿನ್ ಬಿಟ್ಟು ಉಳಿದದ್ದನ್ನೆಲ್ಲ ಅವಳು ಬರೆದುಕೊಂಡಳು.

ಎರಡು ತಿಂಗಳಿಗೆ ವರದಿ ಬಂತು. ಸ್ಟೀಲ್ ತಟ್ಟೆಯ ಜಾತಕದಲ್ಲಿ ಹುಟ್ಟು ಚೆನ್ನಾಗಿದೆ, ಸಾವು ಚೆನ್ನಾಗಿದೆ, ಕೆಟ್ಟದ್ದೆಲ್ಲ ತೊಳೆಯುವ ಜಾಗದಲ್ಲಿ. ಅಷ್ಟು ನೀರು, ಅದನ್ನು ಕಾಯಿಸುವ ಗ್ಯಾಸು ಸೇರಿಸಿದರೆ, ನಮ್ಮ ಕರಾವಳಿಯಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಲಾರಿಯಲ್ಲಿ ಬರುವ ಹಾಳೆ ತಟ್ಟೆಯೇ ಭೂಮಿಗೆ ಮೇಲಂತೆ. ಕಂಪನಿಯ ಬಾಗಿಲಲ್ಲಿ ಆಳೆತ್ತರದ ಬೋರ್ಡು ನಿಂತಿತು. ವರ್ಷಕ್ಕೆ ಒಂದು ಲಕ್ಷ ಎಂಬತ್ತು ಸಾವಿರ ಲೀಟರ್ ನೀರು ಉಳಿತಾಯ ಎಂದು ಅದರಲ್ಲಿ ಬರೆದಿತ್ತು, ಪಕ್ಕದಲ್ಲಿ ಒಂದು ಹಸಿರು ಹನಿಯ ಚಿತ್ರ. ಸಾಂಬಾರಿನ ಡಬ್ಬಿ ಹೊತ್ತು ನಾನು ಅದರ ಮುಂದೆ ನಿಂತೆ. ಅವರು ಉಳಿಸಿದ ನೀರು ಯಾವ ನಲ್ಲಿಯಲ್ಲೂ ಬಂದದ್ದಲ್ಲ. ನನ್ನ ಬಾಯಿಂದ ಬಂದದ್ದು.

ಮಾರನೆಯ ವಾರ ಹಾಳೆ ತಟ್ಟೆ ಬಂತು. ವರದಿಯಲ್ಲಿ ಅವು ಉಂಡ ಮೇಲೆ ಗೊಬ್ಬರವಾಗುತ್ತವೆ. ನಾನು ಕಂಡ ಹಾಗೆ ಕಸದ ಲಾರಿ ಹತ್ತಿ ಊರ ಹೊರಗಿನ ಕಸದ ಬೆಟ್ಟಕ್ಕೆ ಹೋಗುತ್ತವೆ. ಸ್ಟೀಲ್ ತಟ್ಟೆಗಳನ್ನು ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಏರಿಸಿದೆವು. ತೊಳೆಯುವುದಕ್ಕೆ ಏನೂ ಉಳಿಯಲಿಲ್ಲ. ಹರಿದಾಸಣ್ಣ ಶೋಭಾದಿಗೆ ಒಂದು ಸೀರೆ ಕೊಟ್ಟು ನಾಳೆಯಿಂದ ಬರುವುದು ಬೇಡ ಎಂದರು.

ಅವಳು ಸೀರೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಅವಳ ಬಂಗಾಳಿಯನ್ನು ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ. ಅಡುಗೆಯವರನ್ನು ಬಂಗಾಳಿಗಳು ಕರೆಯುವಂತೆ ನನ್ನನ್ನು ಅವಳು ಠಾಕೂರ್ ಎಂದೇ ಕರೆಯುತ್ತಿದ್ದಳು.

"ಠಾಕೂರ್, ನಾನು ನೀರು ಜಾಸ್ತಿ ಖರ್ಚು ಮಾಡ್ತೀನಂತೆ. ಯಾರು ಹೇಳಿದ್ದು?"

ಕಥೆ ಹೇಳುವುದರಲ್ಲಿ ನಾನು ಯಾವತ್ತೂ ತಡವರಿಸಿದವನಲ್ಲ. ಆವತ್ತು ತಡವರಿಸಿದೆ. "ಕಂಪ್ಯೂಟರ್ ಹೇಳಿತು," ಅಂದೆ.

"ಕಂಪ್ಯೂಟರ್ ಯಾವಾಗ ಬಂದು ನೋಡಿತು?" ಎಂದು ಕೇಳಿ, ಉತ್ತರಕ್ಕೂ ಕಾಯದೆ, ನಾಲ್ಕೂವರೆಯ ಲೋಕಲ್ ಹಿಡಿಯಲು ಹೋದಳು.

ನಾನು ಹರಿದಾಸಣ್ಣನ ಬಳಿ ಹೋಗಿ ಹನ್ನೆರಡು ಬಕೆಟ್ ಸುಳ್ಳು, ಎರಡೇ ಬಕೆಟ್ ಎಂದು ಹೇಳಿದೆ.

"ಮಂಡೆ ಸಮ ಉಂಟಾ ನಿಂಗೆ?" ಎಂದರು. "ನಾವು ಸುಳ್ಳು ಹೇಳಿದ್ದು ಅಂತ ಗೊತ್ತಾದ್ರೆ ಆ ಕಂಪನಿ ನಮ್ಮನ್ನು ಇಡ್ತದಾ? ಹದಿನಾಲ್ಕು ಜನ ಈ ಒಲೆ ಮೇಲೆ ಉಣ್ತಾ ಇದ್ದಾರೆ. ನಿನ್ನ ಮೀನಿನ ಕಥೆ ಹೇಳು, ಟ್ರಾಮಿನ ಕಥೆ ಹೇಳು. ಇದೊಂದನ್ನು ಹೇಳ್ಬೇಡ ಮಾರಾಯ."

"ಶೋಭಾದಿ?"

"ಅವಳಿಗೆ ಎಲ್ಲಿಯಾದ್ರೂ ಸಿಗ್ತದೆ."

ಸಿಗಲಿಲ್ಲ. ತಿಂಗಳು ಕಳೆದ ಮೇಲೆ ಗರಿಯಾಹಾಟಿನ ಪೇಟೆಯಲ್ಲಿ ಅವಳನ್ನು ಕಂಡೆ, ಮದುವೆ ಮನೆಗಳಿಗೆ ಪಾತ್ರೆ ತೊಳೆಯಲು ಜನ ಬೇಕೇ ಎಂದು ಅಂಗಡಿ ಅಂಗಡಿ ಕೇಳುತ್ತಿದ್ದಳು. ನಾನು ಸೀರೆ ಅಂಗಡಿಯ ಮರೆಗೆ ಸರಿದೆ. ನಂತರ ಅಲ್ಲಿಂದಲೇ ಬಸ್ಸು ಹತ್ತಿ ಯೂನಿವರ್ಸಿಟಿಗೆ ಹೋಗಿ ಇಂಚರಾಳನ್ನು ಹುಡುಕಿದೆ.

ಎಲ್ಲ ಕೇಳಿ ಅವಳು ಅವತ್ತು ಬರೆದುಕೊಂಡದ್ದನ್ನು ತೆಗೆದು ನೋಡಿದಳು. "ಅವತ್ತು ಹನ್ನೆರಡು ಅಂದ್ರಿ, ಇವತ್ತು ಎರಡು ಅಂತೀರಿ. ಯಾವುದನ್ನ ನಂಬ್ಲಿ ಹೇಳಿ. ತೊಳೆದು ತೋರಿಸ್ತೀರಾ?"

ಭಾನುವಾರ ಹರಿದಾಸಣ್ಣ ಇಲ್ಲದ ಹೊತ್ತಿನಲ್ಲಿ ಅವಳು ಗೀಟು ಹಾಕಿದ ಬಕೆಟ್ ತಂದಳು. ಅಟ್ಟದಿಂದ ನೂರು ತಟ್ಟೆ ಇಳಿಸಿ, ಅನ್ನ ಸಾಂಬಾರು ಬಳಿದು ಎಂಜಲು ಮಾಡಿದೆವು. ನಾನು ಪಂಚೆ ಎತ್ತಿ ಕಟ್ಟಿ ಕೂತೆ. ಇಪ್ಪತ್ತಮೂರು ವರ್ಷ ಕಣ್ಣಾರೆ ನೋಡಿದ ಕೆಲಸ. ತಟ್ಟೆಯನ್ನು ಓರೆಯಾಗಿಟ್ಟೆ, ಜಾರಿತು. ಚೊಂಬು ಹೊಯ್ದೆ, ನೀರು ನನ್ನ ಕಾಲಿನ ಮೇಲೆ ಇಳಿಯಿತು. ಸೋಪು ಹೋಗಲೊಲ್ಲದು. ಹತ್ತನೇ ಬಕೆಟ್ಟಿಗೆ ಇಂಚರಾ ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡತೊಡಗಿದಳು. ನೂರು ತಟ್ಟೆ ಮುಗಿಯುವಾಗ ಹದಿನಾಲ್ಕು ಬಕೆಟ್ ಆಗಿತ್ತು.

"ನೀವು ಮೊದಲು ಹೇಳಿದ್ದೇ ಕಡಿಮೆ ಆಯ್ತಲ್ಲ ಸುಬ್ಬಣ್ಣ."

ನನ್ನ ಜೀವಮಾನದ ಒಂದು ಸುಳ್ಳನ್ನಾದರೂ ನಾನೇ ನಿಜ ಮಾಡಿ ತೋರಿಸಿದೆ, ಅದೂ ಬೇಡವಾದ ಹೊತ್ತಿನಲ್ಲಿ.

ಕೊನೆಗೆ ನಾನೇ ಕ್ಯಾನಿಂಗ್ ಲೋಕಲ್ ಹತ್ತಿದೆ. ಶೋಭಾದಿಯ ಮನೆಯ ಅಂಗಳದಲ್ಲಿ ಕೂತು, ಹೇಳಿದ್ದು ಕಂಪ್ಯೂಟರ್ ಅಲ್ಲ, ನಾನು, ಎಂದೆ. ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ. ಒಳಗೆ ಹೋಗಿ ಒಂದು ಲೋಟ ನೀರು ತಂದು ಕೊಟ್ಟಳು. "ಕುಡಿ. ಇದು ಬೆಳಿಗ್ಗೆ ಹೊತ್ತು ತಂದದ್ದು," ಅಂದಳು. ಒಂದು ಹನಿ ಉಳಿಸದೆ ಕುಡಿದೆ.

ಮುಂದಿನ ಭಾನುವಾರ ಬಂದಳು. ಇಂಚರಾ ತೊಳೆಯಲು ಹೇಳಿದಳು, ಶೋಭಾದಿ ಕೂತಳು. ನೂರು ತಟ್ಟೆ, ಅಕ್ಕಿ ತೊಳೆದ ನೀರು ಬಿಟ್ಟರೆ ಎರಡು ಬಕೆಟ್ಟಿಗೂ ನಾಲ್ಕು ಬೆರಳು ಕಮ್ಮಿ. ಇಂಚರಾ ಮೂರು ಸರ್ತಿ ಮಾಡಿಸಿದಳು, ಮೂರು ಸರ್ತಿಯೂ ಅಷ್ಟೇ. ಅಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಅಂಕಿ ಬದಲಿಸಿದಳು. ಪರದೆಯ ಮೇಲೆ ಸ್ಟೀಲ್ ತಟ್ಟೆಯ ಉದ್ದದ ಕಂಬ ಕುಸಿದು, ಹಾಳೆ ತಟ್ಟೆಯ ಕಂಬದ ಮೊಣಕಾಲಿನವರೆಗೂ ಬರದ ಹಾಗಾಯಿತು.

"ಇವರ ಹಾಗೆ ತೊಳೆದ್ರೆ ಸ್ಟೀಲ್ ಮುಂದೆ ಬೇರೆ ಯಾವ ತಟ್ಟೆನೂ ನಿಲ್ಲಲ್ಲ," ಅಂದಳು. ಅವಳ ದನಿ ಸಣ್ಣದಾಗಿತ್ತು. "ನಾನು ಅವತ್ತೇ ಇನ್ನೊಂದು ದಿನ ಬರಬೇಕಿತ್ತು."

ಶೋಭಾದಿ ಕೈ ಒರೆಸಿಕೊಳ್ಳುತ್ತ ನನ್ನನ್ನು ಕೇಳಿದಳು. "ಏನಂತೆ?"

"ನೀನು ತೊಳೆದದ್ದೇ ಸರಿಯಂತೆ."

"ಹಾಗಾದ್ರೆ ನಾಳೆಯಿಂದ ಬರಲಾ?"

ಇಂಚರಾ ತಿದ್ದಿದ ಲೆಕ್ಕವನ್ನು ಪ್ರೊಫೆಸರಿಗೆ ಕೊಟ್ಟಳು, ಅವರು ಕಂಪನಿಗೆ ಕಳಿಸಿದರು. ಹದಿನೈದು ದಿನಕ್ಕೆ ಉತ್ತರ ಬಂತು. ತುಂಬಾ ಮರ್ಯಾದೆಯ ಕಾಗದವಂತೆ, ಎರಡು ಕಡೆ ಧನ್ಯವಾದ ಇತ್ತಂತೆ. ಮೊದಲ ವರದಿಯನ್ನು ವಿದೇಶದ ಸಭೆಯಲ್ಲಿ ತೋರಿಸಿ ಆಗಿದೆ, ಬಹುಮಾನವೂ ಬಂದಿದೆ, ಇನ್ನು ಮರುಪರಿಶೀಲನೆ ಮೂರು ವರ್ಷದ ನಂತರ, ಆಗ ಈ ಅಂಕಿಯನ್ನು ಖಂಡಿತ ಗಮನಿಸುತ್ತೇವೆ. ಹರಿದಾಸಣ್ಣನನ್ನು ಕಂಪನಿಯಲ್ಲಿ ಯಾರೂ ಒಂದು ಮಾತು ಕೇಳಲಿಲ್ಲ. ಅವರು ಹೆದರಿದ್ದೂ ದಂಡ, ನಾನು ಹೆದರದೆ ಹೇಳಿದ್ದೂ ದಂಡ. ಸುಳ್ಳು ಹೇಳಿದ್ದಕ್ಕೆ ನನಗೆ ಯಾವ ಶಿಕ್ಷೆಯೂ ಆಗಲಿಲ್ಲ. ಸರಿಯಾಗಿ ತೊಳೆದವಳಿಗೆ ಆಯಿತು.

ಆ ಬೋರ್ಡು ಈಗಲೂ ಅಲ್ಲಿದೆ. ದಿನಾ ಅದರ ಮುಂದೆ ಸಾಂಬಾರು ಹೊತ್ತು ಹೋಗುತ್ತೇನೆ. ಹಸಿರು ಹನಿಯ ಕೆಳಗೆ ಯಾರೋ ಹೂಕುಂಡ ಇಟ್ಟಿದ್ದಾರೆ, ಪ್ಲಾಸ್ಟಿಕ್ ಹೂವಿನದು.

ಸರಿ, ಹರಿದಾಸಣ್ಣನ ಸ್ಕೂಟರ್ ಸದ್ದು ಕೇಳುತ್ತಿದೆ, ಬೇಗ ಹೇಳಿಬಿಡುತ್ತೇನೆ. ನೀವು ಮೊಮ್ಮಗನ ಉಪನಯನಕ್ಕೆ ನಾನೂರು ಜನರ ಊಟ ಹೇಳಲು ಬಂದವರು. ಅವರು ಒಳಗೆ ಬಂದ ಕೂಡಲೇ ಹಾಳೆ ತಟ್ಟೆಯ ಕಟ್ಟು ತೋರಿಸಿ, ಇದು ಪರಿಸರಕ್ಕೆ ಒಳ್ಳೆಯದು ಎನ್ನುತ್ತಾರೆ. ನೀವು ಬೇಡ ಎನ್ನಬೇಕು. ಸ್ಟೀಲ್ ತಟ್ಟೆಯೇ ಬೇಕು, ಅಟ್ಟದಲ್ಲಿ ಇದೆಯಂತಲ್ಲ ಎನ್ನಬೇಕು. ತೊಳೆಯುವವಳು ಕ್ಯಾನಿಂಗಿನ ಶೋಭಾ ಆಗದಿದ್ದರೆ ನಾವು ಬೇರೆ ಕಡೆ ಊಟ ಹೇಳುತ್ತೇವೆ ಎನ್ನಬೇಕು. ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳಿದರೆ ಕಂಪ್ಯೂಟರಿನಲ್ಲಿ ಓದಿದೆ ಎಂದುಬಿಡಿ. ನಾನು ಒಂದು ಸುಳ್ಳು ಹೇಳಿದ್ದೇನೆ, ನಿಮಗೂ ಒಂದು ಹೇಳಲು ಏನು ಕಷ್ಟ?